ಮಣ್ಣಿನ ರಿಪೋರ್ಟ್ ಬಂದಿದೆ, ಗೋಡೆ ಪಕ್ಕ ಸೀಸ 620. ಮೊದಲು ಏನು ಮಾಡಲಿ?

ಪ್ರಶ್ನೆ: ಮಣ್ಣುಕೈ

ನಮ್ಮ ಬೀದಿಯ ಆರು ಮನೆಯವರು ಸೇರಿ ಹಿತ್ತಿಲಿನ ಮಣ್ಣು ಪರೀಕ್ಷೆ ಮಾಡಿಸಿದೆವು. ಒಂದು ವಿಶ್ವವಿದ್ಯಾಲಯದ ಸಮುದಾಯ ವಿಜ್ಞಾನ ಯೋಜನೆ ಇದು. ನಾವು ಮಣ್ಣು ತೆಗೆದು, ಒಣಗಿಸಿ, ಜರಡಿ ಹಿಡಿದು ಕಳಿಸಬೇಕು. ಅವರು ಎಕ್ಸ್‌ಆರ್‌ಎಫ್ ಯಂತ್ರದಲ್ಲಿ ನೋಡಿ ಅಂಕಿ ಕೊಡುತ್ತಾರೆ. ಮನೆಮನೆಗೆ ಹೋಗಿ ಎಲ್ಲರನ್ನೂ ಒಪ್ಪಿಸಿದವಳು ನಾನೇ.

ನಿನ್ನೆ ರಿಪೋರ್ಟ್ ಬಂತು. ಎಲ್ಲವೂ ಕೆ.ಜಿ. ಮಣ್ಣಿಗೆ ಇಷ್ಟು ಮಿಲಿಗ್ರಾಂ ಅನ್ನುವ ಲೆಕ್ಕ. ನಮ್ಮ ಮನೆಯ ಹಳೆಯ ಗೋಡೆ ಪಕ್ಕ ಸೀಸ 620, ಆರ್ಸೆನಿಕ್ 38. ತರಕಾರಿ ಪಾತಿಯಲ್ಲಿ ಸೀಸ 170, ಆರ್ಸೆನಿಕ್ 9. ಪಕ್ಕದ ಮನೆಯಲ್ಲಿ ಸೀಸ ಬರೀ 45. ನಡುವೆ ಇರುವುದು ಒಂದು ಬೇಲಿ, ಅಷ್ಟೇ!

ನನ್ನ ಮಗಳಿಗೆ ಎರಡು ವರ್ಷ. ಆ ಗೋಡೆ ಪಕ್ಕವೇ ಕೂತು ಆಡುತ್ತಾಳೆ, ಮಣ್ಣು ಬಾಯಿಗೆ ಹಾಕಿಕೊಳ್ಳುತ್ತಾಳೆ. ರಾತ್ರಿ ನಿದ್ದೆ ಬರಲಿಲ್ಲ. ಪಾತಿಯಲ್ಲಿ ಕ್ಯಾರೆಟ್ ಇದೆ, ಸೊಪ್ಪು ಇದೆ, ಟೊಮೆಟೊ ಕಾಯಿ ಬಿಟ್ಟಿದೆ. ಎಲ್ಲ ಕಿತ್ತು ಹಾಕಲಾ? ಎಲುಬಿನ ಪುಡಿ ಹಾಕಿದರೆ ಸೀಸ ಕಟ್ಟಿಕೊಳ್ಳುತ್ತದೆ ಎಂದು ಎಲ್ಲೋ ಓದಿದೆ, ಒಂದು ಚೀಲ ತಂದೂ ಇಟ್ಟಿದ್ದೇನೆ.

ಇನ್ನೊಂದು ವಿಷಯ. ಆರು ಮನೆಯ ಅಂಕಿಗಳನ್ನು ನಕ್ಷೆಯಲ್ಲಿ ಹಾಕುವುದು ಅಂತ ಮೊದಲೇ ಮಾತಾಗಿತ್ತು. ಈಗ ಒಬ್ಬರು ಬೇಡ ಅನ್ನುತ್ತಿದ್ದಾರೆ. "ಮನೆ ಮಾರುವಾಗ ಯಾರು ತಗೋತಾರೆ?" ಅಂತ ನನ್ನ ಮೇಲೆ ಸಿಟ್ಟಾಗಿದ್ದಾರೆ. ಅವರ ಮಾತಿನಲ್ಲೂ ಅರ್ಥ ಇದೆ, ಅಲ್ವಾ?

ಉತ್ತರ 1: ಜರಡಿ

ನಾನು ಮಣ್ಣಿನ ಲ್ಯಾಬ್‌ನಲ್ಲಿ ಕೆಲಸ ಮಾಡಿದವನು. ಮೊದಲು ಮಗುವಿನ ವಿಷಯ. ಡಾಕ್ಟರ ಹತ್ತಿರ ಹೋಗಿ ರಕ್ತದಲ್ಲಿ ಸೀಸ ಎಷ್ಟಿದೆ ಎಂದು ಪರೀಕ್ಷೆ ಮಾಡಿಸಿ. ಈ ರಿಪೋರ್ಟನ್ನೂ ಜೊತೆಗೆ ಒಯ್ಯಿರಿ. ಮಣ್ಣಿನ ಅಂಕಿ ನೋಡಿ ಮಗುವಿನ ರಕ್ತದಲ್ಲಿ ಎಷ್ಟಿದೆ ಎಂದು ಯಾರೂ ಹೇಳಲು ಆಗುವುದಿಲ್ಲ. ಇವತ್ತೇ ಆ ಗೋಡೆ ಪಕ್ಕದ ಜಾಗ ಮುಚ್ಚಿಬಿಡಿ. ದಪ್ಪ ರಟ್ಟು ಹಾಸಿ ಮೇಲೆ ಮರದ ಚೂರು ಸುರಿದರೂ ಸದ್ಯಕ್ಕೆ ಸಾಕು.

620 ಹೆಚ್ಚೇ. ಮನುಷ್ಯ ಕೈ ಹಾಕದ ಮಣ್ಣಿನಲ್ಲಿ ಸೀಸ ಸಾಮಾನ್ಯವಾಗಿ 10ರಿಂದ 50ರೊಳಗೆ ಇರುತ್ತದೆ. ಮನೆಯಂಗಳಕ್ಕೆ ಆಸ್ಟ್ರೇಲಿಯಾದ ಮಿತಿ 300. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2024ರ ಜನವರಿಯಲ್ಲಿ ತನ್ನ ಅಂಕಿಯನ್ನು 400ರಿಂದ 200ಕ್ಕೆ ಇಳಿಸಿತು. ಕ್ಯಾಲಿಫೋರ್ನಿಯಾದ್ದು ಇನ್ನೂ ಕಡಿಮೆ, 80. ಒಂದೇ ಲೋಹಕ್ಕೆ ಇಷ್ಟು ಬೇರೆ ಬೇರೆ ಅಂಕಿ ಯಾಕೆ ಅಂದರೆ, ಇವು ದಾಟಿದ ಕೂಡಲೇ ವಿಷ ಅನ್ನುವ ಗೆರೆಗಳಲ್ಲ. ಇಲ್ಲಿಂದ ಮುಂದೆ ಗಮನ ಕೊಡಿ ಅನ್ನುವ ಗುರುತು. ಹಾಗಾಗಿ ನಿಮ್ಮ ಪಾತಿಯ 170 ನೋಡಿ ಭಯ ಬೇಡ, ಆದರೆ ಅದನ್ನು ಮರೆಯುವುದೂ ಬೇಡ.

ಆರ್ಸೆನಿಕ್ 38ರ ಬಗ್ಗೆ ನನಗೆ ಅನುಮಾನ ಇದೆ. ಎಕ್ಸ್‌ಆರ್‌ಎಫ್ ಯಂತ್ರ ಮಣ್ಣಿಗೆ ಎಕ್ಸ್-ಕಿರಣ ಬಿಟ್ಟು, ಪ್ರತಿ ಲೋಹ ತಿರುಗಿ ಕೊಡುವ ಕಿರಣದ ಶಕ್ತಿಯನ್ನು ಅಳೆಯುತ್ತದೆ. ಆರ್ಸೆನಿಕ್‌ನ ಮುಖ್ಯ ಕಿರಣ ಮತ್ತು ಸೀಸದ ಒಂದು ಕಿರಣದ ಶಕ್ತಿ ಹೆಚ್ಚುಕಡಿಮೆ ಒಂದೇ, 10.5 ಕಿಲೋ ಎಲೆಕ್ಟ್ರಾನ್ ವೋಲ್ಟ್ ಹತ್ತಿರ. ಸೀಸ ಆರ್ಸೆನಿಕ್‌ನ ಹತ್ತು ಪಟ್ಟಿಗಿಂತ ಜಾಸ್ತಿ ಇದ್ದರೆ ಆರ್ಸೆನಿಕ್ ಅಂಕಿಯನ್ನು ನಂಬುವುದು ಕಷ್ಟ. ನಿಮ್ಮಲ್ಲಿ ಹದಿನಾರು ಪಟ್ಟು ಇದೆ! ಅದೇ ಮಾದರಿಯಲ್ಲಿ ತಾಮ್ರ, ಕ್ರೋಮಿಯಂ ಎಷ್ಟಿವೆ? ಅವೂ ಜಾಸ್ತಿ ಇದ್ದರೆ ಹಳೆಯ ರಾಸಾಯನಿಕ ಹಾಕಿದ ಮರದ ಕಂಬದಿಂದ ಬಂದಿರಬಹುದು. ಆ ಮರಕ್ಕೆ ಮೂರೂ ಸೇರಿಸಿರುತ್ತಿದ್ದರು.

ಎಲುಬಿನ ಪುಡಿಯ ಚೀಲ ಸದ್ಯ ಬಿಚ್ಚಬೇಡಿ. ಅದರಲ್ಲಿರುವ ಫಾಸ್ಫೇಟ್ ಸೀಸವನ್ನು ಕಟ್ಟಿಹಾಕುತ್ತದೆ, ನಿಜ. ಆದರೆ ಆರ್ಸೆನಿಕ್ ಇದ್ದರೆ ಅದನ್ನು ಮಣ್ಣಿನ ಕಣದಿಂದ ಬಿಡಿಸಿ ನೀರಿಗೆ, ಬೇರಿಗೆ ಸಿಗುವಂತೆ ಮಾಡುತ್ತದೆ. ಒಂದಕ್ಕೆ ಮದ್ದು, ಇನ್ನೊಂದಕ್ಕೆ ದಾರಿ. ಆರ್ಸೆನಿಕ್ ನಿಜವಾಗಿ ಎಷ್ಟಿದೆ ಎಂದು ತಿಳಿಯಲು, ಅದೇ ಮಣ್ಣನ್ನು ಆಮ್ಲದಲ್ಲಿ ಕರಗಿಸಿ ಐಸಿಪಿ ಎನ್ನುವ ಇನ್ನೊಂದು ಯಂತ್ರದಲ್ಲಿ ನೋಡಲು ಕೇಳಿ. ಅಂದ ಹಾಗೆ, ಮಾದರಿ ಹೇಗೆ ತೆಗೆದಿರಿ?

ಮಣ್ಣುಕೈ

ತಾಮ್ರ 28, ಕ್ರೋಮಿಯಂ 31. ಮರದ ಕಂಬ ಇಲ್ಲವೇ ಇಲ್ಲ. ಗೋಡೆಗೆ ಹಳೆಯ ಬಣ್ಣ ಪದರ ಪದರವಾಗಿ ಇತ್ತು. ನಾವು ಬರುವ ಮೊದಲು ಯಾರೋ ಕೆರೆದು ಹೊಸದು ಬಳಿದಿದ್ದಾರೆ.

ಪಾತಿಯಲ್ಲಿ ಎಂಟು ಕಡೆ ಒಂದು ಗೇಣು ಆಳಕ್ಕೆ ಅಗೆದು, ಎಲ್ಲ ಬೆರೆಸಿ ಒಂದು ಮಾದರಿ ಮಾಡಿದೆ. ಗೋಡೆ ಪಕ್ಕ ಮಾತ್ರ ಒಂದೇ ಕಡೆ, ಅದೂ ಆಳದಿಂದ ತೆಗೆದೆ.

ಉತ್ತರ 2: ಜರಡಿ

ಹಾಗಿದ್ದರೆ ಸೀಸ ಬಣ್ಣದ್ದೇ ಅನ್ನಿಸುತ್ತದೆ. ಕೆರೆದ ಪುಡಿ ಗೋಡೆಯಿಂದ ಒಂದೆರಡು ಮೀಟರ್ ಒಳಗೇ ಬೀಳುತ್ತದೆ. ಸೀಸ ಕೊಳೆಯುವುದಿಲ್ಲ, ಆವಿಯಾಗುವುದಿಲ್ಲ, ನೀರಿನ ಜೊತೆ ಕೆಳಗೆ ಇಳಿಯುವುದೂ ತುಂಬಾ ನಿಧಾನ. ಬೇಲಿಯಾಚೆ 45 ಇರುವುದರಲ್ಲಿ ಆಶ್ಚರ್ಯ ಇಲ್ಲ. ಆದರೆ ಮಗು ಆಡುವ ಜಾಗದಲ್ಲಿ ನೋಡಬೇಕಾದ್ದು ಮೇಲಿನ ಎರಡು ಸೆಂಟಿಮೀಟರ್ ಮಣ್ಣು. ಬೆರಳಿಗೆ ಅಂಟುವುದು ಅದೇ. ಅಲ್ಲಿ ಅಂಕಿ ಇನ್ನೂ ಜಾಸ್ತಿ ಇರಬಹುದು. ಗೋಡೆಯಿಂದ ಅರ್ಧ, ಒಂದು, ಮೂರು ಮೀಟರ್ ದೂರದಲ್ಲಿ ಮೇಲ್ಮಣ್ಣು ಬೇರೆ ಬೇರೆ ತೆಗೆಯಿರಿ. ಬೆರೆಸಬೇಡಿ. ಚೆನ್ನಾಗಿ ಒಣಗಿಸಿ, ತೇವ ಇದ್ದರೆ ಯಂತ್ರ ಕಡಿಮೆ ತೋರಿಸುತ್ತದೆ. ಸತು ಲೇಪಿಸಿದ ತಗಡಿನ ಕರಣೆ ಬೇಡ, ಸತುವಿನ ಅಂಕಿ ಕೆಡುತ್ತದೆ.

ಉತ್ತರ 3: ಎರೆಹುಳು

ನಮ್ಮ ತೋಟದಲ್ಲಿ ಸೀಸ 340 ಇತ್ತು. ಹನ್ನೊಂದು ವರ್ಷದಿಂದ ಅಲ್ಲೇ ಬೆಳೆಯುತ್ತಿದ್ದೇನೆ.

ಟೊಮೆಟೊ ಕೀಳಬೇಡಿ. ಸೀಸ ಬೇರಿನಲ್ಲೇ ನಿಂತುಬಿಡುತ್ತದೆ, ಹಣ್ಣಿನವರೆಗೆ ಹೋಗುವುದು ತೀರಾ ಕಡಿಮೆ. ಕ್ಯಾರೆಟ್ ಆ ಪಾತಿಯಲ್ಲಿ ಇನ್ನು ಹಾಕಬೇಡಿ. ಸೊಪ್ಪಿನ ಕಷ್ಟ ಬೇರೆ, ಅದಕ್ಕೆ ಮಳೆಯಲ್ಲಿ ಮಣ್ಣು ಎರಚುತ್ತದೆ, ಸುಕ್ಕಿನಲ್ಲಿ ಕೂರುತ್ತದೆ, ಎಷ್ಟು ತೊಳೆದರೂ ಸ್ವಲ್ಪ ಉಳಿಯುತ್ತದೆ. ನಾನು ಸೊಪ್ಪು ಮತ್ತು ಗೆಡ್ಡೆಗಳಿಗೆ ಮಾತ್ರ ಎತ್ತರದ ಪಾತಿ ಕಟ್ಟಿಕೊಂಡೆ. ಕೆಳಗೆ ನೀರು ಇಳಿಯುವ ದಪ್ಪ ಬಟ್ಟೆ, ಮೇಲೆ ಒಂದಡಿಗಿಂತ ಜಾಸ್ತಿ ಹೊರಗಿನ ಮಣ್ಣು ಮತ್ತು ಕಾಂಪೋಸ್ಟ್. ಆ ಹೊರಗಿನ ಮಣ್ಣನ್ನೂ ಪರೀಕ್ಷೆ ಮಾಡಿಸಿದ ಮೇಲೇ ತುಂಬಿಸಿದೆ.

ಜನ ತರಕಾರಿ ಬಗ್ಗೆ ಹೆದರುತ್ತಾರೆ. ನಿಜವಾಗಿ ಸೀಸ ಒಳಗೆ ಹೋಗುವುದು ಧೂಳಿನಿಂದ. ಚಪ್ಪಲಿ ಹೊರಗೆ ಬಿಡಿ. ಒಣ ಪೊರಕೆಯಿಂದ ಗುಡಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಬರಿ ಮಣ್ಣು ಎಲ್ಲೂ ಕಾಣದಂತೆ ಹೊದಿಕೆ ಹಾಕಿ.

ಉತ್ತರ 4: ಬೇಲಿಯಾಚೆ

ನಕ್ಷೆ ವಿಷಯಕ್ಕೆ ಬರುತ್ತೇನೆ. ಬೇಡ ಅಂದವರನ್ನು ಒತ್ತಾಯ ಮಾಡಬೇಡಿ. ಅಂಕಿ ಅವರ ಮನೆಯದು. ಆದರೆ ಹಂಚಿಕೊಳ್ಳುವುದರಿಂದ ಏನು ಸಿಗುತ್ತದೆ ಎಂದು ಕೂತು ಮಾತಾಡಿ. ಸಿಡ್ನಿಯ ಮ್ಯಾಕ್ವಾರಿ ವಿಶ್ವವಿದ್ಯಾಲಯದಲ್ಲಿ 2013ರಲ್ಲಿ ವೆಜ್‌ಸೇಫ್ ಎನ್ನುವ ಇಂಥದ್ದೇ ಮಣ್ಣು ಪರೀಕ್ಷೆ ಯೋಜನೆ ಶುರುವಾಯಿತು. ಜನ ಸಾವಿರಾರು ಮಾದರಿ ಕಳಿಸಿದರು. ಹಳೆಯ ಬಣ್ಣದ ಮನೆಗಳು, ನಗರದ ಒಳಭಾಗ, ಅಲ್ಲೆಲ್ಲ ಸೀಸ ಜಾಸ್ತಿ ಎನ್ನುವುದು ಗೊತ್ತಾಗಿದ್ದು ಹಾಗೆ ಒಟ್ಟು ಸೇರಿಸಿದ್ದರಿಂದ. ಒಬ್ಬರ ಅಂಗಳ ನೋಡಿ ಅದು ಗೊತ್ತಾಗುವುದಿಲ್ಲ. ನಕ್ಷೆಯಲ್ಲಿ ಮನೆಯ ಮೇಲೇ ಚುಕ್ಕೆ ಇಡಬೇಕಾಗಿಲ್ಲ, ಇಡೀ ಬೀದಿಗೆ ಒಂದು ಬಣ್ಣ ಕೊಟ್ಟರೂ ಆಗುತ್ತದೆ. ಮತ್ತೆ ಒಂದು ಮಾತು. ಇದನ್ನು ಮಾತಾಡಬೇಕಾದ್ದು ಮಣ್ಣು ತೆಗೆಯುವ ಮೊದಲು. ಅಂಕಿ ಬಂದ ಮೇಲೆ ಎಲ್ಲರಿಗೂ ಕಷ್ಟ.

ಮಣ್ಣುಕೈ (ನಾಲ್ಕು ವಾರದ ನಂತರ)

ಮೊದಲು ಇದು: ಮಗಳ ರಕ್ತದ ರಿಪೋರ್ಟ್ ಬಂತು. ಚಿಂತೆ ಮಾಡುವಷ್ಟಿಲ್ಲ, ಆರು ತಿಂಗಳಿಗೆ ಇನ್ನೊಮ್ಮೆ ನೋಡೋಣ ಅಂದರು ಡಾಕ್ಟರ್. ಅಲ್ಲೇ ಅತ್ತುಬಿಟ್ಟೆ.

ಐಸಿಪಿಯಲ್ಲಿ ಗೋಡೆ ಪಕ್ಕದ ಆರ್ಸೆನಿಕ್ 11 ಬಂತು. 38 ಅಲ್ಲ. ಮೇಲ್ಮಣ್ಣಿನ ಸೀಸ ಗೋಡೆಯಿಂದ ಅರ್ಧ ಮೀಟರಿಗೆ 910, ಒಂದು ಮೀಟರಿಗೆ 480, ಮೂರು ಮೀಟರಿಗೆ 120. ನೀವು ಹೇಳಿದ ಹಾಗೇ ಇಳಿಯುತ್ತಾ ಹೋಗಿದೆ. ಗೋಡೆಯುದ್ದಕ್ಕೂ ಎರಡು ಮೀಟರ್ ಅಗಲ ಕಲ್ಲು ಹಾಸಿಸುತ್ತಿದ್ದೇವೆ. ಆಟದ ಜಾಗ ಬೇಲಿ ಕಡೆಗೆ ಹೋಯಿತು.

ಸಿಟ್ಟಾದವರ ಮನೆಗೆ ಹೋಗಿ ನನ್ನ 910 ತೋರಿಸಿದೆ. ಅವರದ್ದು 210 ಇತ್ತಂತೆ. ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು, "ನಮ್ಮ ಕೋಳಿಗಳು ದಿನಾ ಅಲ್ಲೇ ಕೆದಕ್ತವೆ, ಮೊಟ್ಟೆಗೆ ಬರುತ್ತಾ?" ನನಗೆ ಗೊತ್ತಿರಲಿಲ್ಲ. ಕೇಳಿ ಹೇಳುತ್ತೇನೆ ಅಂದೆ.

ಉತ್ತರ 5: ಜರಡಿ

ಬರುತ್ತದೆ. ಕೋಳಿ ಕಾಳಿನ ಜೊತೆ ಮಣ್ಣನ್ನೂ ನುಂಗುತ್ತದೆ. ಸಿಡ್ನಿಯಲ್ಲಿ ಇದನ್ನೂ ನೋಡಿದ್ದಾರೆ, 2022ರಲ್ಲಿ ಪ್ರಕಟವಾಯಿತು. ಹಿತ್ತಿಲ ಕೋಳಿಗಳ ಮೊಟ್ಟೆಯಲ್ಲಿ ಸೀಸ ಅಂಗಡಿ ಮೊಟ್ಟೆಗಿಂತ ಸರಾಸರಿ 40 ಪಟ್ಟು ಇತ್ತು. 210ರ ಮಣ್ಣಿನಲ್ಲಿ ಕೆದಕುವ ಕೋಳಿಯ ಮೊಟ್ಟೆ ಪರೀಕ್ಷೆ ಮಾಡಿಸಲೇಬೇಕು, ಅದರಲ್ಲೂ ಮನೆಯಲ್ಲಿ ಮಕ್ಕಳು ತಿನ್ನುತ್ತಿದ್ದರೆ. ಅಲ್ಲಿಯವರೆಗೆ ಕೋಳಿಗಳನ್ನು ಬೇರೆ ಶುದ್ಧ ಮಣ್ಣು ಹಾಕಿದ ಜಾಗಕ್ಕೆ ಬಿಡಲಿ, ಕಾಳನ್ನು ನೆಲಕ್ಕೆ ಚೆಲ್ಲದೆ ತಟ್ಟೆಯಲ್ಲಿ ಕೊಡಲಿ. ಮೊಟ್ಟೆ ಕಳಿಸುವುದಾದರೆ ಬೇರೆ ಬೇರೆ ದಿನದ ನಾಲ್ಕೈದು ಕಳಿಸಿ, ಒಂದೇ ಸಾಲದು.

ಮಣ್ಣುಕೈ

ಈಗಲೇ ಹೋಗಿ ಹೇಳುತ್ತೇನೆ. ಅವರ ಮೊಮ್ಮಕ್ಕಳು ವಾರಾಂತ್ಯಕ್ಕೆ ಬರುತ್ತಾರೆ.