20 ಮಿ.ಮೀ. ಹಸಿ ಕೊಂಬೆ, ಚಿಕ್ಕ ಕೈ: ಸಿಕೇಚರ್‌ನ ಹಿಡಿ ಉದ್ದ ಮಾಡಿದರೆ ಬೆರಳು ಎಟುಕುತ್ತಿಲ್ಲ, ಬೇರೆ ದಾರಿ ಏನು?

ಚಿಗುರುಕತ್ತರಿ:
ಬೈಪಾಸ್ ಮಾದರಿಯ (ಕೊಂಬೆಯನ್ನು ತಾಳುವ ಕೊಕ್ಕೆಯ ಪಕ್ಕದಲ್ಲೇ ಅಲಗು ಹಾದುಹೋಗುವ) ಸಿಕೇಚರ್, ಅಂದರೆ ಕೊಂಬೆ ಸವರುವ ಕೈಕತ್ತರಿ, ಒಂದನ್ನು ವಿನ್ಯಾಸ ಮಾಡುತ್ತಿದ್ದೇನೆ. ಚಿಕ್ಕ ಕೈಯವರು, ಬೆರಳಿನ ಗಂಟು ನೋವಿರುವವರು 20 ಮಿ.ಮೀ. ದಪ್ಪದ ಹಸಿ ಕೊಂಬೆಯನ್ನು ಒಂದೇ ಕೈಯಲ್ಲಿ ಕತ್ತರಿಸುವಂತಾಗಬೇಕು. ಈಗಿನ ಅಳತೆ: ಎರಡು ಹಿಡಿಗಳು ತಿರುಗುವ ಪಿವಟ್ ಬೋಲ್ಟ್‌ನಿಂದ ಬೆರಳು ಒತ್ತುವ ಜಾಗಕ್ಕೆ 100 ಮಿ.ಮೀ., ಕೊಂಬೆ ಕೂರುವ ಜಾಗಕ್ಕೆ 28 ಮಿ.ಮೀ. ಅಲಗು 3.5 ಮಿ.ಮೀ. ದಪ್ಪ, ಒಂದೇ ಬದಿಗೆ ಸಾಣೆ. ಹಿಡಿಯನ್ನು 30 ಮಿ.ಮೀ. ಉದ್ದ ಮಾಡಿ ನೋಡಿದರೆ ಒತ್ತುವ ಬಲ ಇಳಿಯಿತು, ಆದರೆ ಬಾಯಿ ಪೂರ್ತಿ ತೆರೆದಾಗ ಬೆರಳು ಹಿಡಿಗೆ ಎಟುಕುತ್ತಿಲ್ಲ. ಗೇರ್ ಹಾಕಲೇ, ರಾಚೆಟ್ (ಹಲ್ಲು ಕಚ್ಚಿ ನಿಂತು ಹಂತ ಹಂತವಾಗಿ ಕತ್ತರಿಸುವ ವ್ಯವಸ್ಥೆ) ಹಾಕಲೇ, ಇಲ್ಲ ಕೊಂಬೆಯನ್ನು ಪಿವಟ್ ಹತ್ತಿರಕ್ಕೆ ತರಲೇ?

ಸನ್ನೆಕೋಲು:
ಮೊದಲು ಲೆಕ್ಕ ಹಾಕಿ ನೋಡಿ, ತೊಡಕು ಎಲ್ಲಿದೆ ಎಂದು ತಾನೇ ಕಾಣುತ್ತದೆ. 100ನ್ನು 28ರಿಂದ ಭಾಗಿಸಿದರೆ ಸನ್ನೆಯ ಅನುಪಾತ (ಕೈಯ ಬಲ ಎಷ್ಟು ಪಟ್ಟಾಗುತ್ತದೆ ಎಂಬುದು) ಸುಮಾರು 3.6. ಅಂದರೆ 20 ಮಿ.ಮೀ. ಕೊಂಬೆ ತುಂಡಾಗಲು ಹಿಡಿಗಳು ಹತ್ತಿರ ಹತ್ತಿರ 71 ಮಿ.ಮೀ. ಚಲಿಸಬೇಕು. ಮುಚ್ಚಿದಾಗ ಹಿಡಿಗಳ ನಡುವೆ 38 ಮಿ.ಮೀ. ಬಿಟ್ಟಿದ್ದರೆ, ತೆರೆದಾಗ 109. ಹಿಡಿ ಉದ್ದ ಮಾಡಿದ ಮೇಲೆ ಅನುಪಾತ 4.6, ಚಲನೆ 93, ತೆರೆದ ಅಗಲ 131 ಮಿ.ಮೀ. ಅಷ್ಟು ಅಗಲಕ್ಕೆ ಚಿಕ್ಕ ಕೈಯ ಕಿರುಬೆರಳು ಎಟುಕುವುದೇ ಇಲ್ಲ.

ಕೊಂಬೆಯನ್ನು ಪಿವಟ್‌ಗೆ ಹತ್ತಿರ ತಂದರೂ ಇದೇ ಕಥೆ. 28ರ ಬದಲು 20 ಮಿ.ಮೀ.ಗೆ ತಂದರೆ ಅನುಪಾತ 5 ಆಗುತ್ತದೆ, ಆದರೆ ಹಿಡಿ 100 ಮಿ.ಮೀ. ಚಲಿಸಬೇಕು. ಬಲ ಉಳಿಸಿದಷ್ಟೂ ದೂರ ತೆರಲೇಬೇಕು.

ಹಾಗಾಗಿ ಚಲನೆಯ 71 ಮಿ.ಮೀ.ಯನ್ನು ಹಾಗೇ ಇಟ್ಟುಕೊಂಡು, ಅದನ್ನು ಬೇರೆ ರೀತಿ ಹಂಚುವುದು ಒಳ್ಳೆಯದು. ಬೈಪಾಸ್ ಅಲಗು ತೊಗಟೆಗೆ ತಾಕುವಾಗ ಹೆಚ್ಚು ಬಲ ಬೇಡ. ಕೊಂಬೆಯ ನಡುಭಾಗದಲ್ಲಿ, ಅಲಗಿನ ದಪ್ಪ ಹೆಗಲು (ಸಾಣೆಯ ಇಳಿಜಾರು ಮುಗಿಯುವ ಮೂಲೆ) ಒಳಗೆ ನುಗ್ಗುವಾಗ ಬಲ ತುದಿಗೇರುತ್ತದೆ. ಆಮೇಲೆ ಇಳಿಯುತ್ತದೆ. ಮೊದಲ 6 ಮಿ.ಮೀ.ಗೆ ಅನುಪಾತ 2.5, ನಡುವಿನ 10 ಮಿ.ಮೀ.ಗೆ 4.5, ಕೊನೆಯ 4 ಮಿ.ಮೀ.ಗೆ 2.75 ಕೊಡಿ. ಚಲನೆ 15, 45, 11, ಕೂಡಿದರೆ ಅದೇ 71. ತುದಿಯ ಬಲ ಮಾತ್ರ ಐದರಲ್ಲಿ ಒಂದು ಪಾಲು ಇಳಿಯಿತು. ಇನ್ನೊಂದು ಲಾಭವೂ ಇದೆ: ಹೆಚ್ಚಿನವರ ಹಿಡಿತ ಗಟ್ಟಿಯಾಗಿರುವುದು ಹಿಡಿಗಳ ಅಂತರ 50ರಿಂದ 60 ಮಿ.ಮೀ. ಆಸುಪಾಸಿನಲ್ಲಿದ್ದಾಗ. ತುದಿಯ ಬಲ ಆ ಅಂತರಕ್ಕೆ ಹತ್ತಿರ ಬೀಳುವಂತೆ ಜೋಡಿಸಿ.

ಇದನ್ನು ಸಾಧಿಸಲು ವೃತ್ತಾಕಾರವಲ್ಲದ ಗೇರ್ ಹಲ್ಲಿನ ಪಟ್ಟಿ ಅಥವಾ ಕ್ಯಾಮ್ ಸೀಳು (ಗೂಟ ಜಾರುವ ಬಾಗಿದ ಸೀಳು) ಬೇಕು. ಟಾಗಲ್ ಲಿಂಕ್ (ಮೊಣಕಾಲಿನಂತೆ ಮಡಚಿ ನೇರವಾಗುವ ಜೋಡಿ ಕೊಂಡಿ) ಹಾಕಬೇಡಿ. ಅದರ ಬಲ ಗರಿಷ್ಠವಾಗುವುದು ಪೂರ್ತಿ ಮುಚ್ಚುವ ಹೊತ್ತಿಗೆ, ಆಗ ಕೊಂಬೆ ತುಂಡಾಗಿ ಬಿದ್ದಾಗಿರುತ್ತದೆ.

ಸಾಣೆಕಲ್ಲು:
ಮೇಲಿನ ಲೆಕ್ಕ ಸರಿ, ಆದರೆ ಅದು ಇರುವ ಕೆಲಸವನ್ನು ಹಂಚುವ ಲೆಕ್ಕ. ಕೆಲಸವನ್ನೇ ಕಡಿಮೆ ಮಾಡುವ ಜಾಗ ಅಲಗು. ನಾನಾಗಿದ್ದರೆ ಗೇರಿಗೆ ಕೈ ಹಾಕುವ ಮೊದಲು ಇಲ್ಲಿಂದ ಶುರು ಮಾಡುತ್ತಿದ್ದೆ.

ಹಸಿ ಕೊಂಬೆಯಲ್ಲಿ ನಾರನ್ನು ಕೊಯ್ಯುವುದಕ್ಕಿಂತ, ಕೊಯ್ದ ನಾರನ್ನು ಎರಡು ಬದಿಗೆ ತಳ್ಳಿ ಅಲಗಿಗೆ ಜಾಗ ಮಾಡುವುದಕ್ಕೇ ಬಹಳ ಬಲ ಹೋಗುತ್ತದೆ. ಪರೀಕ್ಷೆ ಸುಲಭ: ಕತ್ತರಿಸುವಾಗ ಇನ್ನೊಂದು ಕೈಯಿಂದ ಕೊಂಬೆಯನ್ನು ಮೆಲ್ಲಗೆ ಬಾಗಿಸಿ ಗಾಯದ ಬಾಯಿ ತೆರೆಯುವಂತೆ ಮಾಡಿ. ಅಲಗು ಬೆಣ್ಣೆಯಲ್ಲಿ ಹೋದಂತೆ ಹೋಗುತ್ತದೆ. ಹರಿತ ಅದೇ, ಬದಿಯ ಒತ್ತಡ ಮಾತ್ರ ಇಲ್ಲ. ಆದ್ದರಿಂದ 3.5 ಮಿ.ಮೀ. ದಪ್ಪವನ್ನು ಪಿವಟ್ ಬಳಿ ಮಾತ್ರ ಉಳಿಸಿ, ಕೊಂಬೆ ಕೂರುವ ಕಡೆ ತೆಳುವಾಗಿಸಿ. ಸಾಣೆಯ ಇಳಿಜಾರಿನ ಹಿಂದೆ ಇರುವ ಹೆಗಲಿನ ಮೂಲೆಯನ್ನು ಕಲ್ಲಿನಲ್ಲಿ ಉಜ್ಜಿ ದುಂಡಗೆ ಮಾಡಿ. ಅಂಚಿನ ಕೋನ 22ರಿಂದ 25 ಡಿಗ್ರಿ ಸಾಕು. ಅದಕ್ಕಿಂತ ತೀರಾ ಕಡಿಮೆ ಮಾಡಿದರೆ ಒಣ ಗಿಣ್ಣಿಗೆ ಸಿಕ್ಕು ಅಂಚು ಚಕ್ಕೆ ಏಳುತ್ತದೆ.

ಅಂಚು ನೇರ ಇರಬಾರದು, ಹೊರಕ್ಕೆ ಬಾಗಿರಬೇಕು. ಆಗ ಅಲಗು ಒತ್ತುವುದರ ಜೊತೆಗೆ ಜಾರುತ್ತಾ ಕೊಯ್ಯುತ್ತದೆ, ಕುಡುಗೋಲಿನ ಹಾಗೆ. ಆದರೆ ಅಲಗು ಮತ್ತು ಕೊಕ್ಕೆಯ ನಡುವಿನ ಕೋನ ಹೆಚ್ಚಾದರೆ ಕೊಂಬೆ ಹೊರಕ್ಕೆ ಜಾರುತ್ತದೆ. ಹೊರಕ್ಕೆ ಜಾರಿದ ಪ್ರತಿ ಮಿಲಿಮೀಟರಿಗೂ ನಿಮ್ಮ 28 ಎಂಬ ಅಳತೆ ಬೆಳೆಯುತ್ತದೆ, ಕೈಗೆ ಭಾರ ಬೀಳುತ್ತದೆ. ಕೊಕ್ಕೆಯನ್ನು ಇನ್ನಷ್ಟು ಒಳಬಾಗಿಸಿ ಕೊಂಬೆಯನ್ನು ಹಿಡಿದಿಡಿ.

ಅಲಗಿನ ಚಪ್ಪಟೆ ಬದಿಗೆ ಎಂದೂ ಸಾಣೆ ಹಿಡಿಯಬಾರದು, ಎದ್ದ ಬರ್ (ಸಾಣೆಯಿಂದ ಅಂಚಿನಲ್ಲಿ ಮಡಚಿ ನಿಲ್ಲುವ ಲೋಹದ ಸಣ್ಣ ಎಳೆ) ತೆಗೆಯಲು ಒಂದು ಸಲ ಎಳೆದರೆ ಸಾಕು. ಹೆಚ್ಚು ಉಜ್ಜಿದರೆ ಕೊಕ್ಕೆಯ ಜೊತೆ ಸಂದು ಬೀಳುತ್ತದೆ.

ಚಿಗುರುಕತ್ತರಿ:
ಇಬ್ಬರಿಗೂ ಧನ್ಯವಾದ. ಹೆಗಲು ಉಜ್ಜಿ ನೋಡುತ್ತೇನೆ. ರಾಚೆಟ್ ಬಗ್ಗೆ ಯಾರೂ ಹೇಳಲಿಲ್ಲ. ಗಂಟು ನೋವಿರುವವರಿಗೆ ಅದೇ ಸರಿಯಲ್ಲವೇ? ಇನ್ನೊಂದು ಪ್ರಶ್ನೆ: ಬದಲಾವಣೆಯಿಂದ ಎಷ್ಟು ಉಳಿಯಿತು ಎಂದು ಅಳೆಯುವುದು ಹೇಗೆ? ಕೈಯ ಅಂದಾಜು ನಂಬುವಂತಿಲ್ಲ.

ಲೇತ್‌ಪಟ್ಟಿ:
ನೋವಿರುವವರಿಗೆ ರಾಚೆಟ್ ನಿಜಕ್ಕೂ ಸಹಾಯ ಮಾಡುತ್ತದೆ. ಅನುಪಾತ 6 ಇಟ್ಟರೆ ಚಲನೆ 120 ಮಿ.ಮೀ. ಬೇಕು, ಅದನ್ನು 40 ಮಿ.ಮೀ.ಯ ಮೂರು ಹಿಸುಕಿಗೆ ಒಡೆಯಬಹುದು. ಹಿಡಿ ಎಂದೂ 80 ಮಿ.ಮೀ. ದಾಟಿ ತೆರೆಯಬೇಕಾಗಿಲ್ಲ. ಆದರೆ ಒಂದು ಕಟಾವಿಗೆ ಮೂರು ಹಿಸುಕು, ಪ್ರತಿ ಸಲ ಸ್ಪ್ರಿಂಗ್‌ನ ಎದುರು ಕೆಲಸ. ತೆಳು ಚಿಗುರು ಸವರುವವರಿಗೆ ಅದೇ ಆಯಾಸ. ಆದ್ದರಿಂದ 6 ಮಿ.ಮೀ.ಗಿಂತ ತೆಳುವಾದದ್ದು ಒಂದೇ ಹಿಸುಕಿಗೆ ತುಂಡಾಗಿ, ಅಲಗು ನಿಂತಾಗ ಮಾತ್ರ ಹಲ್ಲು ಕಚ್ಚುವಂತೆ ಮಾಡಿ. ಕೆಡುವುದು ಎರಡು ಕಡೆ: ಹಲ್ಲಿನ ತುದಿ ಸವೆದು ಹೊರೆ ಬಿದ್ದಾಗ ಜಾರುವುದು, ಕಟಾವಿನ ನಡುವೆ ಅಲಗು ಸಿಕ್ಕಿ ಹಿಡಿ ಬಿಡಿಸಲಾಗದಿರುವುದು. ಹಲ್ಲಿಗೆ ಗಟ್ಟಿ ಮಾಡಿದ ಉಕ್ಕು ಹಾಕಿ, ಹಿಡಿ ಪೂರ್ತಿ ತೆರೆದರೆ ಹಲ್ಲು ಬಿಡುವಂತಿರಲಿ.

ರಿಟರ್ನ್ ಸ್ಪ್ರಿಂಗ್ ಅನ್ನೂ ನೋಡಿ. ಹಿಡಿಯನ್ನು ಮತ್ತೆ ತೆರೆಯುವಷ್ಟು ಬಲವಿದ್ದರೆ ಸಾಕು, ಅದಕ್ಕಿಂತ ಮೇಲಿನದ್ದೆಲ್ಲ ಪ್ರತಿ ಕಟಾವಿನಲ್ಲೂ ಕೈ ಕೊಡುವ ದಂಡ.

ಅಳತೆಗೆ: ಒಂದು ಹಿಡಿಯನ್ನು ವೈಸ್‌ನಲ್ಲಿ ಬಿಗಿದು, ಇನ್ನೊಂದಕ್ಕೆ ಪಿವಟ್‌ನಿಂದ 100 ಮಿ.ಮೀ. ದೂರದಲ್ಲಿ ಗುರುತು ಹಾಕಿ ಗರಿಷ್ಠ ಬಲ ಹಿಡಿದಿಡುವ ತಕ್ಕಡಿ ಸಿಕ್ಕಿಸಿ ಎಳೆಯಿರಿ. ಎಳೆತ ಹಿಡಿಗೆ ಲಂಬವಾಗಿರಲಿ, ಓರೆಯಾದರೆ ಓದು ತಪ್ಪುತ್ತದೆ. ಒಂದೇ ಗಿಡದ, ಅದೇ ದಿನ ಕಡಿದ ಕೊಂಬೆ ತನ್ನಿ. 12, 16, 20 ಮಿ.ಮೀ. ಎಂದು ವರ್ನಿಯರ್‌ನಲ್ಲಿ ವಿಂಗಡಿಸಿ, ಪ್ರತಿ ಗಾತ್ರಕ್ಕೆ ಹತ್ತು ಕಟಾವು. ಹಳೇ ಅಲಗು, ಹೊಸ ಅಲಗು ಎಂದು ಒಂದೊಂದಾಗಿ ಬದಲಿಸುತ್ತಾ ಹೋಗಿ. ಹಳೆಯದರ ಹತ್ತನ್ನೂ ಮೊದಲೇ ಮುಗಿಸಿದರೆ, ಹೊಸದರ ಸರದಿ ಬರುವ ಹೊತ್ತಿಗೆ ಕೊಂಬೆ ಒಣಗಿ ಹೋಲಿಕೆ ಕೆಡುತ್ತದೆ. ಗಿಣ್ಣು ಇರುವ ತುಂಡನ್ನು ಬಿಟ್ಟುಬಿಡಿ.

ಪ್ರತಿ ಸುತ್ತಿಗೂ ಮುಂಚೆ ಪಿವಟ್ ನೋಡಿ. ಸ್ಪ್ರಿಂಗ್ ತೆಗೆದು ಒಂದು ಹಿಡಿ ಹಿಡಿದರೆ ಇನ್ನೊಂದು ತನ್ನ ಭಾರಕ್ಕೇ ನಿಧಾನವಾಗಿ ಇಳಿಯಬೇಕು. ಧೊಪ್ಪನೆ ಬಿದ್ದರೆ ನಟ್ ಸಡಿಲ: ಅಲಗು ಕೊಕ್ಕೆಯಿಂದ ಸರಿದು ನಾರು ಸಂದಿಯಲ್ಲಿ ಮಡಚಿಕೊಳ್ಳುತ್ತದೆ, ಬಲ ದಿಢೀರನೆ ಏರುತ್ತದೆ. ಅಲ್ಲಾಡದೇ ನಿಂತರೆ ಬಿಗಿ ಹೆಚ್ಚಾಯಿತು. ಕೊನೆಗೆ ಒಂದು ತೆಳು ಕಾಗದ ಕತ್ತರಿಸಿ. ಬುಡದಿಂದ ತುದಿಯವರೆಗೆ ಎಲ್ಲೂ ಮಡಚದೆ ಕೊಯ್ದರೆ ಆ ಸುತ್ತಿನ ಅಂಕಿ ಬರೆದುಕೊಳ್ಳಬಹುದು.