ಕಲಬುರಗಿ ಬಿಸಿಲು, ಮೇಲ್ಮಹಡಿ ಮನೆ, ವಯಸ್ಸಾದ ಅತ್ತೆ: ಮೇ ದಾಟಿಸುವುದು ಹೇಗೆ?

ಪ್ರಶ್ನೆ: ಮೂರನೇ ಮಹಡಿಯ ಬಾಡಿಗೆ ಮನೆ, ಮೇಲೆ ಬರೀ ಆರ್‌ಸಿಸಿ ತಾರಸಿ. 72 ವರ್ಷದ ಅತ್ತೆಯವರಿಗೆ ಬಿಪಿ ಇದೆ, ಮೂತ್ರ ಹೋಗುವ ಮಾತ್ರೆಯೂ ನಡೆದಿದೆ. ಎಸಿ ಇಲ್ಲ. ಕೂಲರ್ ಹಾಕಿದರೆ ಸ್ವಲ್ಪ ಹೊತ್ತಿಗೇ ಮೈಯೆಲ್ಲ ಅಂಟಂಟು. ರಾತ್ರಿ 11ಕ್ಕೂ ಗೋಡೆ ಮುಟ್ಟಿದರೆ ಬಿಸಿ. ತಿಳಿದವರು ಹೇಳಿ.

ಉತ್ತರ: ಅಕ್ಕಾ, ನಿಮ್ಮಂಥ ಮನೆಯಲ್ಲಿ ಮಧ್ಯಾಹ್ನಕ್ಕಿಂತ ಸಂಜೆ, ರಾತ್ರಿಗೇ ಹೆಚ್ಚು ಜೋಪಾನ ಬೇಕು. ಸ್ಲ್ಯಾಬ್ ಹಗಲೆಲ್ಲ ಹೀರಿದ ಕಾವು ಒಳಮೈಗೆ ಇಳಿಯಲು ಕೆಲವು ತಾಸು ಹಿಡಿಯುತ್ತದೆ. ಹೊರಗೆ ತಣ್ಣಗಾದ ಮೇಲೂ ಒಳಗೆ ಧಗೆ ಇರುವುದು ಅದಕ್ಕೇ. ಮಾಲೀಕರನ್ನು ಒಪ್ಪಿಸಿ ತಾರಸಿಗೆ ಸುಣ್ಣ ಹೊಡೆಸಿ. ಕಲ್ಲುಸುಣ್ಣವನ್ನು ಹಿಂದಿನ ದಿನವೇ ಕಬ್ಬಿಣದ ಡ್ರಮ್‌ನಲ್ಲಿ ಅರಳಿಸಬೇಕು. ಮೊದಲು ನೀರು ತುಂಬಿ, ಆಮೇಲೆ ಸುಣ್ಣವನ್ನು ಸ್ವಲ್ಪಸ್ವಲ್ಪವೇ ಹಾಕಿ. ಸುಣ್ಣದ ಮೇಲೆ ನೀರು ಸುರಿದರೆ ಕುದಿದು ಕಣ್ಣಿಗೆ ಸಿಡಿಯುತ್ತದೆ. ಪ್ಲಾಸ್ಟಿಕ್ ಬಕೆಟ್ಟು ಆ ಕಾವಿಗೆ ತಡೆಯುವುದಿಲ್ಲ. ಬಟ್ಟೆಯಲ್ಲಿ ಸೋಸಿ, ಹಾಲಿನ ಹದಕ್ಕೆ ತಂದು, ಹಿಡಿತಕ್ಕೆ ಸ್ವಲ್ಪ ಫೆವಿಕಾಲ್ ಬೆರೆಸಿ. ತಾರಸಿ ಗುಡಿಸಿ, ಒದ್ದೆ ಮಾಡಿ, ಸಂಜೆ ಬಳಿಯಿರಿ. ಉರಿಬಿಸಿಲಿನಲ್ಲಿ ಬಳಿದರೆ ಹಿಡಿಯುವ ಮೊದಲೇ ಒಣಗಿ, ಕಾಲಿಟ್ಟಲ್ಲೆಲ್ಲ ಪುಡಿ ಏಳುತ್ತದೆ. ಎರಡು ಕೋಟ್ ಬೇಕು, ಎರಡನೆಯದು ಅಡ್ಡಲಾಗಿ. ಮಳೆಗೆ ತೊಳೆದುಹೋಗುತ್ತದೆ, ಹಾಗಾಗಿ ಪ್ರತಿ ವರ್ಷ ಮಾರ್ಚ್‌ನಲ್ಲೇ ಮಾಡಿಸುವ ಕೆಲಸ ಇದು.

ಉತ್ತರ: ಅಂಟಂಟು ಆಗೋದು ಕೂಲರ್ ತಪ್ಪಲ್ಲರಿ, ಮುಚ್ಚಿದ ಕಿಟಕಿದು. ಕೂಲರ್ ಗಾಳಿಗೆ ನೀರಿನ ಪಸೆ ಸೇರಿಸಿ ತಂಪು ಮಾಡ್ತದ. ಆ ಗಾಳಿ ಹೊರಗ ಹೋಗದಿದ್ರ ಕೋಣಿ ತುಂಬಾ ಪಸೆ, ಬೆವರು ಆರಂಗಿಲ್ಲ. ಕೂಲರ್ ಬೆನ್ನು ಕಿಟಕಿಗೆ ಹಚ್ಚಿ ಹೊರಗಿನ ಗಾಳಿ ಎಳಿಲಿಕ್ಕ ಬಿಡ್ರಿ, ಎದುರಿನ ಕಿಟಕಿ ತೆರೀರಿ. ಅಲ್ಲಿಯ ಪರದೆ ಹೊರಗಡೆ ಉಬ್ಬಿತಂದ್ರ ಸರಿಯಾಗೇತಿ ಅಂತ. ಮಳಿ ಬಂದು ಗಾಳಿ ಹಸಿ ಆದ ದಿನ ಪಂಪ್ ಬಂದ್ ಮಾಡಿ ಬರೀ ಫ್ಯಾನ್ ನಡೆಸ್ರಿ. ಬೋರ್ ನೀರಾದ್ರ ಪ್ಯಾಡ್ ಮ್ಯಾಲ ಬಿಳಿ ಉಪ್ಪು ಗಟ್ಟಿ ಕೂಡತದ, ಗಾಳಿ ತೂರಂಗಿಲ್ಲ. ವಾರಕ್ಕೊಮ್ಮೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಒಳಗಿನ ಗೋಡೆ ತಿಕ್ಕಿ ಒಣಗಿಸ್ರಿ. ಡೆಂಗಿ ಸೊಳ್ಳಿ ತತ್ತಿ ಅಲ್ಲೇ ಅಂಟಿರ್ತಾವ. ಮತ್ತ ತಗಡಿನ ಕೂಲರ್ ಆದ್ರ ಅರ್ಥಿಂಗ್ ಇರೋ ಮೂರು ಪಿನ್ನಿನ ಸಾಕೆಟ್ ಬೇಕೇ ಬೇಕು. ಪ್ಲಗ್ ಕಿತ್ತೇ ನೀರು ತುಂಬ್ರಿ, ಇದರಾಗ ಮಾತ್ರ ಉದಾಸೀನ ಬ್ಯಾಡ.

ಉತ್ತರ: ಅತ್ತೆಯವರ ಮಾತ್ರೆ ಬಗ್ಗೆ. ಮೂತ್ರದ ಮಾತ್ರೆ ಮೈಯಿಂದ ನೀರು, ಉಪ್ಪು ಎರಡನ್ನೂ ತೆಗೆಯುತ್ತದೆ, ಬೆವರೂ ಅದನ್ನೇ ಮಾಡುತ್ತದೆ. ಬಿಸಿಲು ಏರುವ ಮೊದಲೇ ಡಾಕ್ಟರನ್ನು ಕಂಡು ಎರಡು ವಿಷಯ ಕೇಳಿ: ಬೇಸಿಗೆಯಲ್ಲಿ ಡೋಸ್ ಬದಲಿಸಬೇಕೆ, ದಿನಕ್ಕೆ ಎಷ್ಟು ನೀರು ಕುಡಿಯಬಹುದು. ನೀವಾಗಿ ನಿಲ್ಲಿಸಬೇಡಿ. ಎದ್ದು ನಿಂತಾಗ ತಲೆ ತಿರುಗಿದರೆ, ಮೂತ್ರ ಕಡು ಹಳದಿಯಾಗಿ ಕಡಿಮೆ ಬಂದರೆ ಅದೇ ದಿನ ತೋರಿಸಿ. ವಯಸ್ಸಾದವರಿಗೆ ಬಾಯಾರಿಕೆ ತಿಳಿಯುವುದೇ ಕಡಿಮೆ, ಅದಕ್ಕಾಗಿ ಕೇಳುವವರೆಗೆ ಕಾಯದೆ ಲೋಟ ಕೈಗೆ ಕೊಡಿ. ತಿಳಿ ಮಜ್ಜಿಗೆ, ಜೋಳದ ಅಂಬಲಿ ಒಳ್ಳೆಯದು, ಉಪ್ಪು ಮಾತ್ರ ಹಿಡಿತದಲ್ಲಿರಲಿ.

ಪ್ರಶ್ನೆ ಕೇಳಿದವರು: ದಿನಾ ಓಆರ್‌ಎಸ್ ಕೊಡಬಹುದಾ?

ಉತ್ತರ: ದಿನದ ಪಾನೀಯವಾಗಿ ಬೇಡ. 1 ಲೀಟರಿನ ಪೊಟ್ಟಣದಲ್ಲಿ ಅಡುಗೆ ಉಪ್ಪೇ 2.6 ಗ್ರಾಂ ಇರುತ್ತದೆ, ಬಿಪಿ ಇರುವವರಿಗೆ ಅದು ಲೆಕ್ಕಕ್ಕೆ ಬರುತ್ತದೆ. ವಾಂತಿ, ಭೇದಿ, ತುಂಬಾ ಬೆವರಿ ಸುಸ್ತಾದಾಗ ಕೊಡಿ. ಇಡೀ ಪೊಟ್ಟಣವನ್ನು ಅಳತೆಯ ಒಂದು ಲೀಟರಿಗೇ ಕಲಸಿ, 24 ಗಂಟೆ ಕಳೆದ ಮೇಲೆ ಚೆಲ್ಲಿ. ಅಂದಾಜಿನಲ್ಲಿ ಅರ್ಧ ಪೊಟ್ಟಣ ಒಂದು ಲೋಟಕ್ಕೆ ಹಾಕಿದರೆ ಉಪ್ಪು ಅತಿಯಾಗುತ್ತದೆ.

ಉತ್ತರ: ಗೋಡೆಗೊಂದು ಥರ್ಮಾಮೀಟರ್ ನೇತುಹಾಕಿ. ಕೋಣೆ 40 ಡಿಗ್ರಿ ದಾಟಿದರೆ ಬರೀ ಫ್ಯಾನ್ ಮೈಗೆ ಬಿಸಿಯನ್ನೇ ತಂದು ಸುರಿಯುತ್ತದೆ. ಆಗ ತೋಳು, ಕುತ್ತಿಗೆ, ಕಾಲುಗಳನ್ನು ಒದ್ದೆ ಬಟ್ಟೆಯಿಂದ ಮತ್ತೆಮತ್ತೆ ಒರೆಸಿ, ಅಥವಾ ಕೆಳಗಿನ ಮನೆಗೆ ಕರೆದೊಯ್ಯಿರಿ. ಸಿಂಟೆಕ್ಸ್ ನೀರು ಮಧ್ಯಾಹ್ನ ಕಾದಿರುತ್ತದೆ, ಬೆಳಿಗ್ಗೆ 6ಕ್ಕೇ ಎರಡು ಬಕೆಟ್ ಹಿಡಿದು ಬಚ್ಚಲಲ್ಲಿ ಮುಚ್ಚಿಡಿ. ಬ್ಯಾಂಕು, ಆಸ್ಪತ್ರೆ ಕೆಲಸವನ್ನೆಲ್ಲ 11ರೊಳಗೆ ಮುಗಿಸಿ. ಏಪ್ರಿಲ್, ಮೇನಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳನ್ನೇ ಬೆಳಿಗ್ಗೆ 8ರಿಂದ 1.30ಕ್ಕೆ ಬದಲಿಸುವುದುಂಟು.

ಉತ್ತರ: ಇದೊಂದು ಮನೆಯವರೆಲ್ಲರಿಗೂ ಗೊತ್ತಿರಲಿ. ಮೈ ಕಾದು, ಮಾತು ತೊದಲಿದರೆ, ಎಲ್ಲಿದ್ದೇನೆಂದು ತಿಳಿಯದಿದ್ದರೆ, ತೂಕಡಿಸಿದರೆ ಅದು ಬಿಸಿಲಾಘಾತ ಎಂದೇ ಹಿಡಿಯಿರಿ. ಬೆವರುತ್ತಿದ್ದಾರೆಂದು ಸುಮ್ಮನಿರಬೇಡಿ, ಬೆವರಿದ್ದೂ ಬಿಸಿಲಾಘಾತ ಆಗಬಹುದು. ಒಬ್ಬರು 108ಕ್ಕೆ ಫೋನ್ ಮಾಡಿ. ಇನ್ನೊಬ್ಬರು ಅಷ್ಟರೊಳಗೆ ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಸುರಿಯುತ್ತಾ ಜೋರಾಗಿ ಗಾಳಿ ಹಾಕಿ. ಕುತ್ತಿಗೆ, ಕಂಕುಳು, ತೊಡೆಸಂದಿಗೆ ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ. ಆಂಬುಲೆನ್ಸ್ ಬರುವವರೆಗೂ ನಿಲ್ಲಿಸಬೇಡಿ. ಎಚ್ಚರ ಮಂಕಾಗಿದ್ದರೆ ಬಾಯಿಗೆ ನೀರು ಹಾಕಲೇಬೇಡಿ, ಶ್ವಾಸಕ್ಕೆ ಹೋಗುತ್ತದೆ. ಜ್ವರದ ಮಾತ್ರೆಯೂ ಬೇಡ; ಇದು ಸೋಂಕಿನ ಜ್ವರವಲ್ಲ, ಪ್ಯಾರಾಸಿಟಮಾಲ್‌ಗೆ ಇಳಿಯುವುದಿಲ್ಲ.

ಪ್ರಶ್ನೆ ಕೇಳಿದವರು: ತಾರಸಿಗೆ ನೀರು ಹೊಡೆದರೆ?

ಉತ್ತರ: ಸುಣ್ಣ ಆಗುವವರೆಗೆ ಹಾಗೇ ಮಾಡಿ. ಮಲಗುವ ಕೋಣೆಯ ಮೇಲಿನ ಜಾಗಕ್ಕೆ ಮಾತ್ರ ಗೋಣಿಚೀಲ ಹಾಸಿ ನೆನೆಸಿ, ಇಡೀ ತಾರಸಿಗೆ ಹೊಡೆಯುವಷ್ಟು ನೀರು ಮೇ ತಿಂಗಳಲ್ಲಿ ಸಿಗುವುದಿಲ್ಲ. ಸ್ಲ್ಯಾಬ್ ಎಲ್ಲಾದರೂ ಬಿರುಕು ಬಿಟ್ಟಿದ್ದರೆ ಮೊದಲು ಅದನ್ನು ಮುಚ್ಚಿಸಿ.