ಹತ್ತು ವರ್ಷದ ಪೂಜೆ ಬಿಟ್ಟು ಹೊಸ ದೇವಸ್ಥಾನಕ್ಕೆ: ಹೋದವರು ಏನು ಹೇಳ್ತೀರಿ?

ಕೇಳಿದವರು
ಎಲ್ಲರಿಗೂ ನಮಸ್ಕಾರ. ಕೊಡಗಿನ ಭಾಗಮಂಡಲ ಕಡೆಯ ಒಂದು ಊರ ದೇವಸ್ಥಾನದಲ್ಲಿ 2015ರಿಂದ ಪೂಜೆಗಿದ್ದೇನೆ. ಬಂದಾಗ ಒಂಟಿ. ಈಗ ಹೆಂಡತಿ, ಇಬ್ಬರು ಮಕ್ಕಳು. ಮಗಳ ಶಾಲೆಗೋಸ್ಕರ ವಿರಾಜಪೇಟೆ ಹತ್ತಿರದ ಒಂದು ದೇವಸ್ಥಾನಕ್ಕೆ ಬರ್ತೇನೆ ಅಂತ ಒಪ್ಪಿಕೊಂಡಿದ್ದೇನೆ. ತುಲಾ ಸಂಕ್ರಮಣ ಕಳೆದ ಮೇಲೆ ಹೊರಡಬೇಕು. ಹತ್ತು ವರ್ಷ ಇಲ್ಲಿ ಏನು ಮಾಡಿದೆ ಅಂತ ಯೋಚಿಸಿದರೆ ನಿದ್ದೆ ಬರುತ್ತಿಲ್ಲ. ಹೀಗೆ ಜಾಗ ಬದಲಿಸಿದ ಅರ್ಚಕರು ಇದ್ದರೆ ಅನುಭವ ಹೇಳಿ. ಬಿಡುವಾಗ ಏನು ನೋಡಿಕೊಳ್ಳಬೇಕು? ಹೋದ ಮೇಲೆ ಏನು?

ಮಡಿಕೇರಿ ಕಡೆಯ ಅರ್ಚಕ
ನಾನು ಹನ್ನೊಂದು ವರ್ಷ ಒಂದೇ ಕಡೆ ಇದ್ದು ಬಿಟ್ಟವನು. ನಿದ್ದೆ ವಿಷಯ ಆಮೇಲೆ, ಮೊದಲು ಬೀಗದ ಕೈ ವಿಷಯ ಕೇಳಿ.

ಬಿಡುವ ದಿನ ಮಂಡಳಿಯವರು ಕಾಫಿ ಕುಡಿಸಿ, "ಪಟ್ಟಿ ಗಿಟ್ಟಿ ಯಾಕೆ ಭಟ್ರೇ, ನಿಮ್ಮ ಮೇಲೆ ನಂಬಿಕೆ ಇದೆ" ಎಂದರು. ನಾನೂ ಸುಮ್ನೆ ಗೊಂಚಲು ಮೇಜಿನ ಮೇಲಿಟ್ಟು ಬಂದೆ. ಮೂರು ತಿಂಗಳಿಗೆ ಫೋನ್. ದೇವರ ಒಂದು ಬೆಳ್ಳಿ ಸರ ಕಾಣುತ್ತಿಲ್ಲವಂತೆ. ಯಾರೂ ಕಳ್ಳ ಎನ್ನಲಿಲ್ಲ. "ನಿಮಗೇನಾದರೂ ನೆನಪಿದೆಯಾ?" ಎಂದರು, ಅಷ್ಟೇ. ಆ ಒಂದು ಮಾತಿಗೆ ಎರಡು ತಿಂಗಳು ಊಟ ಸೇರಲಿಲ್ಲ. ಕೊನೆಗೆ ಊರ ಹಬ್ಬಕ್ಕೆ ಉತ್ಸವದ ಛತ್ರಿ ಬಿಚ್ಚಿದಾಗ ಮಡಿಕೆಯೊಳಗಿಂದ ಜಾರಿ ಬಿತ್ತಂತೆ. ಆದ್ದರಿಂದ ಒಂದೊಂದನ್ನೂ ತೂಗಿ, ಬರೆದು, ಫೋಟೋ ತೆಗೆದು, ಮೂರು ಜನರ ಸಹಿ ಹಾಕಿಸಿ. ಒಂದು ಪ್ರತಿ ನಿಮ್ಮ ಹತ್ತಿರ ಇರಲಿ. ಬೇಜಾರು ಮಾಡಿಕೊಂಡರೂ ಪರವಾಗಿಲ್ಲ.

ಹೋದ ಮೇಲೆ ಒಂದು ವರ್ಷ ಏನನ್ನೂ ಬದಲಿಸಬೇಡಿ. ಆಯುಧಪೂಜೆಯ ಕೈಲ್‌ಪೊಳ್ದು, ಸಂಕ್ರಮಣ, ಸುಗ್ಗಿಯ ಪುತ್ತರಿ, ಊರ ಹಬ್ಬ, ಒಂದು ಸುತ್ತು ಬರಲಿ. ನಾನು ಪುತ್ತೂರು ಕಡೆಯವನು, ಪಂಚಾಂಗ ಚೆನ್ನಾಗಿ ಬರುತ್ತೆ ಅನ್ನೋ ಗತ್ತು ಇತ್ತು. ಮೊದಲ ಪುತ್ತರಿಗೆ ನಾನೇ ಲೆಕ್ಕ ಹಾಕಿ ಕದಿರು, ಅಂದರೆ ಹೊಸ ಭತ್ತದ ತೆನೆ, ತೆಗೆಯುವ ಹೊತ್ತು ಹೇಳಿಬಿಟ್ಟೆ. ದೇವಸ್ಥಾನದ ಉಸ್ತುವಾರಿಯ ತಕ್ಕರು ಪಂಚೆ ಸರಿಮಾಡಿಕೊಂಡು ಮೆಲ್ಲಗೆ, "ಇಗ್ಗುತ್ತಪ್ಪನಲ್ಲಿ ಆಗಲೇ ಹೊತ್ತು ಇಟ್ಟಾಗಿದೆ ಭಟ್ರೇ" ಎಂದರು. ಎಲೆಗಳನ್ನು ಸೇರಿಸಿ ನೆರೆ ಕಟ್ಟುವುದು, ಕದಿರು ತೆಗೆಯುವುದು, ಊಟ, ಮೂರರ ಹೊತ್ತೂ ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ನಿಗದಿಯಾಗಿ ಪೇಪರಲ್ಲೂ ಬಂದಿತ್ತು. ನಾನೊಬ್ಬನೇ ಓದಿರಲಿಲ್ಲ!

ದುಡ್ಡಿನ ಮಾತು ನಾಚಿಕೆ ಬಿಟ್ಟು ಮೊದಲೇ ಆಡಿ. ನಮ್ಮೂರಲ್ಲಿ ಮದುವೆ, ಗೃಹಪ್ರವೇಶ ಅಂತ ಕೈಗೆ ಕೆಲಸ ಇರುತ್ತೆ. ಇಲ್ಲಿ ಕೊಡವರ ಮದುವೆಗೆ ಪುರೋಹಿತರೇ ಬೇಡ. ತೂಗುದೀಪದ ಮುಂದೆ ಮನೆಯ ಹಿರಿಯರೇ ಅಕ್ಕಿ ಹಾಕಿ ಹರಸುತ್ತಾರೆ. ಇದು ನಿಮಗೆ ಗೊತ್ತು, ಆದರೆ ವಿರಾಜಪೇಟೆ ಪೇಟೆ ಅಲ್ವಾ ಅಂತ ಜಾಸ್ತಿ ಲೆಕ್ಕ ಹಾಕಿಕೊಳ್ಳಬೇಡಿ. ಸಂಬಳ ಎಷ್ಟು, ತಟ್ಟೆಕಾಸು ಯಾರಿಗೆ, ರಜೆ ಹಾಕಿದರೆ ಬದಲಿ ಅರ್ಚಕರಿಗೆ ಕೊಡೋದು ಯಾರು, ಎಲ್ಲ ಕೇಳಿ.

ದೇವತಕ್ಕರ ಮನೆಯವರು
ಈಚೆ ಕಡೆಯಿಂದ ನಾಲ್ಕು ಮಾತು. ನಮ್ಮ ಹಬ್ಬದಲ್ಲಿ ಎತ್ತಿನ ಮೇಲೆ ಅಕ್ಕಿ ಹೊರಿಸಿ ತರುವ ಎತ್ತು ಪೋರಾಟಕ್ಕೆ ಅಕ್ಕಿ ಯಾವ ಮನೆತನದ್ದು, ಮೊದಲ ಪ್ರಸಾದ ಯಾರ ಕೈಗೆ, ಎಲ್ಲಕ್ಕೂ ಕಟ್ಟು ಇದೆ. ಕೇಳಿ ಮಾಡುವ ಭಟ್ಟರನ್ನು ನಾವು ಬಿಟ್ಟುಕೊಡುವುದಿಲ್ಲ. ಮಂತ್ರ ಎಷ್ಟು ಸ್ಪಷ್ಟ ಅನ್ನೋದು ನಮಗೆ ತಿಳಿಯಲ್ಲ. ಆದರೆ ಜುಲೈಯಲ್ಲಿ, ಜನವೇ ಬಾರದ ದಿನ, ಬಾಗಿಲು ಹೊತ್ತಿಗೆ ತೆರೆದಿತ್ತಾ ಅನ್ನೋದು ಇಡೀ ಊರಿಗೆ ತಿಳಿಯುತ್ತೆ.

ಅರ್ಚಕರ ಹೆಂಡತಿ, ನಾಪೋಕ್ಲು ಕಡೆ
ಎಲ್ಲರೂ ದೇವಸ್ಥಾನದ ಮಾತೇ ಆಡಿದಿರಿ, ಮನೆ ಯಾರು ನೋಡಬೇಕು? ತಮ್ಮಾ, ಹೆಂಡತಿಯನ್ನು ಕರ್ಕೊಂಡು ಹೋಗಿ ಮಳೆ ಬರುವ ದಿನವೇ ಮನೆ ನೋಡಿ. ಸೌದೆ ಇಡಲು ಜಾಗ ಇದೆಯಾ, ಮಡಿಬಟ್ಟೆ ಒಣಗಿಸಲು ಅಟ್ಟ ಇದೆಯಾ, ಹಿಂದೆ ಗುಡ್ಡದ ಬರೆ ಎಷ್ಟು ಎತ್ತರ. 2020ರ ಆಗಸ್ಟ್‌ನಲ್ಲಿ ಬ್ರಹ್ಮಗಿರಿ ಕುಸಿದು ತಲಕಾವೇರಿಯ ಅರ್ಚಕರ ಮನೆ ಮಣ್ಣಿನಡಿ ಹೋದದ್ದು ಭಾಗಮಂಡಲದವರಿಗೆ ನಾನು ಹೇಳಬೇಕಾಗಿಲ್ಲ. ಅಲ್ಲಿಂದೀಚೆಗೆ ನಾನು ಯಾವ ಮನೆಗೆ ಹೋದರೂ ಮೊದಲು ಹಿತ್ತಲಿಗೇ ಹೋಗೋದು.

ಗೋಣಿಕೊಪ್ಪದವನು, ಅರ್ಚಕನೇ
ವರ್ಷವಿಡೀ ಏನೂ ಬದಲಿಸಬಾರದು ಅನ್ನೋದಕ್ಕೆ ನನ್ನ ಒಪ್ಪಿಗೆ ಇಲ್ಲ. ಹೊಸ ಜಾಗದಲ್ಲಿ ಗರ್ಭಗುಡಿಯ ಸ್ವಿಚ್ ಮುಟ್ಟಿದರೆ ಜುಮ್ ಅನ್ನುತ್ತಿತ್ತು. ಹಿಂದಿನವರು ಕೋಲಲ್ಲಿ ಒತ್ತುತ್ತಿದ್ದರಂತೆ. ಅದೂ ಕಟ್ಟುಪಾಡು ಅಂತ ಬಿಡಲಾ? ಮಾರನೇ ದಿನವೇ ವೈರಿಂಗ್ ಮಾಡಿಸಿದೆ. ಪೂಜೆಯ ಕ್ರಮ ಮುಟ್ಟಬೇಡಿ, ವೈರು ಮುಟ್ಟಿಸಿ.

ಕೇಳಿದವರು
ಎಲ್ಲರಿಗೂ ಕೈ ಮುಗಿದೆ. ಅಕ್ಕಾ, ಭಾನುವಾರ ಇಬ್ಬರೂ ಮನೆ ನೋಡಲು ಹೋಗ್ತೇವೆ.

ಹತ್ತು ವರ್ಷದಲ್ಲಿ ಮತ್ತೆ ಮತ್ತೆ ಕಣ್ಣ ಮುಂದೆ ಬರೋದು 2018ರ ಆಗಸ್ಟ್. ಆ ಮಳೆಗೆ ನಮ್ಮ ದಾರಿ ಕಡಿದು ಹೋಗಿತ್ತು, ಕರೆಂಟ್ ಇಲ್ಲ. ಬೆಂಕಿಪೊಟ್ಟಣ ಎಲ್ಲ ಥಂಡಿ ಹಿಡಿದು ಗೀರಿದರೆ ಮದ್ದೇ ಉದುರುತ್ತಿತ್ತು. ಕೆಳಗಿನ ಮನೆಯ ಅಜ್ಜಿ ಆರು ದಿನ ಬೆಳಗ್ಗೆ, ತಲೆಗೆ ಮಳೆ ತಡೆಯುವ ಗೊರಬೆ ಹಾಕಿಕೊಂಡು, ಒಲೆಯ ಕೆಂಡವನ್ನು ತೆಂಗಿನ ಚಿಪ್ಪಿನಲ್ಲಿಟ್ಟು ತಂದುಕೊಟ್ಟರು. ಅದರಿಂದಲೇ ದೀಪ ಹಚ್ಚಿದ್ದು. ಹೊರಡ್ತೇನೆ ಅಂತ ಮಂಡಳಿಗೆ ಹೇಳಿದ್ದೇನೆ, ಅಜ್ಜಿಗೆ ಇನ್ನೂ ಹೇಳಿಲ್ಲ. ನಾಳೆ ಪೂಜೆ ಮುಗಿಸಿ ಹೋಗ್ತೇನೆ.

ಪಟ್ಟಿ ಇವತ್ತೇ ಶುರು ಮಾಡಿದೆ. ಮೊದಲ ಸಾಲು: ಹಿತ್ತಾಳೆ ತಂಬಿಗೆ 4, ಒಂದರ ಕಂಠ ಸೀಳಿದೆ.